ಹದಿನಾಲ್ಕು ಜನ, ಒಂದೇ ಸಹಿ: ಟಸ್ಕನಿಯ ಬಾಡಿಗೆ ಮನೆಯ ಒಂದು ಪ್ರಕರಣ

ಇಟಲಿಯ ಟಸ್ಕನಿ ಸೀಮೆಯಲ್ಲಿ ರಜೆಗೆ ಅಂತ ಹಿಡಿದ ಮನೆ, ಬಾಡಿಗೆ ವಾರಕ್ಕೆ 3,900 ಯೂರೋ. ಹೋಗಬೇಕಿದ್ದವರು 14 ಜನ. ಹೋದವರು 11. ಉಳಿದ ಮೂವರ ಪಾಲಿನ ದುಡ್ಡು ಯಾರ ಜೇಬಿನಿಂದ ಹೋಗಬೇಕು ಅನ್ನುವುದೇ ಈ ಪ್ರಕರಣದ ತಿರುಳು. ಕೋಣೆ ಹಂಚಿಕೆ, ಅಡುಗೆಮನೆ, ಕರೆಂಟು, ಗಾಡಿ, ದಂಡ ಇವೆಲ್ಲ ಅದರ ಹಿಂದೆ ಮುಂದೆ ಬರುತ್ತವೆ. ಲೆಕ್ಕ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಹಾಗಾಗಿ ಅಂಕಿಗಳನ್ನು ಇದ್ದ ಹಾಗೇ ಕೊಡುತ್ತಿದ್ದೇನೆ, ಹೆಸರುಗಳನ್ನು ಮಾತ್ರ ಬಿಟ್ಟಿದ್ದೇನೆ. ಎಲ್ಲರೂ ಈಗಲೂ ಒಬ್ಬರ ಮನೆಗೆ ಒಬ್ಬರು ಹೋಗಿ ಬರುತ್ತೇವೆ, ಅದು ಹಾಗೇ ಇರಲಿ.

ಬಳಗದಲ್ಲಿ ಇದ್ದವರು ಇವರು. ಮೈಸೂರಿನಿಂದ ನಮ್ಮ ಸೋದರತ್ತೆ, ಅವರ ಮಗ, ಸೊಸೆ. ಅತ್ತೆಗೆ 76 ದಾಟಿದೆ, ಮಂಡಿ ನೋವು ಬೇರೆ. ಅವರ ಮಗ ನನಗೆ ಭಾವ ಆಗಬೇಕು. ಬೆಂಗಳೂರಿನಿಂದ ನಾವು ನಾಲ್ವರು: ನಾನು, ನಮ್ಮವರು, ಹೈಸ್ಕೂಲಿನ ಇಬ್ಬರು ಮಕ್ಕಳು. ಮ್ಯೂನಿಕ್‌ನಿಂದ ಚಿಕ್ಕಪ್ಪನ ಮಗಳು, ಅವಳ ಗಂಡ, ನಾಲ್ಕು ವರ್ಷದ ಮಗು. ಅವಳ ತಮ್ಮ ಬೆಂಗಳೂರಿನಲ್ಲೇ ಕೆಲಸದಲ್ಲಿದ್ದಾನೆ, ಇನ್ನೂ ಮದುವೆಯಾಗಿಲ್ಲ. ಕೊನೆಗೆ ಹುಬ್ಬಳ್ಳಿಯ ಕುಟುಂಬ: ನಮ್ಮವರ ಜೊತೆ ಓದಿದ ಗೆಳೆಯರು, ಅವರ ಹೆಂಡತಿ, ಆಗಷ್ಟೇ ಡಿಗ್ರಿ ಮುಗಿಸಿ ಕೆಲಸ ಹುಡುಕುತ್ತಿದ್ದ ಮಗ.

ದಿನ ಗೊತ್ತು ಮಾಡುವುದೇ ಮೊದಲ ಹಗ್ಗಜಗ್ಗಾಟ. ಇಟಲಿಯ ಹಳ್ಳಿಮನೆಗಳನ್ನು ಸಾಮಾನ್ಯವಾಗಿ ಶನಿವಾರದಿಂದ ಶನಿವಾರಕ್ಕೇ ಕೊಡುತ್ತಾರೆ. ಮಧ್ಯದಲ್ಲಿ ನಾಲ್ಕು ದಿನ ಕೊಡಿ ಅಂದರೆ ಸೀಸನ್‌ನಲ್ಲಿ ಯಾರೂ ಒಪ್ಪುವುದಿಲ್ಲ. ಮಕ್ಕಳ ಈಜುಕೊಳದ ಆಸೆಗೆ ಜೂನ್, ಜುಲೈ ಬೇಕಿತ್ತು. ಆದರೆ ನಮ್ಮಲ್ಲಿ ಜೂನ್ ಬಂತೆಂದರೆ ಶಾಲೆ ಶುರು. ಮ್ಯೂನಿಕ್‌ನವಳು ತಮ್ಮ ಬವೇರಿಯಾ ರಾಜ್ಯದ ಶಾಲೆಗಳ ಪೆಂಟಕೋಸ್ಟ್ ಹಬ್ಬದ ರಜೆಗೆ ಮೊದಲೇ ಮುಗಿಸೋಣ ಅಂದಳು. ಆ ರಜೆ ಶುರುವಾದರೆ ಅರ್ಧ ಜರ್ಮನಿಯೇ ಬ್ರೆನ್ನರ್ ಕಣಿವೆ ದಾಟಿ ಇಟಲಿಗೆ ಇಳಿಯುತ್ತದೆ, ಬಾಡಿಗೆಯೂ ಏರುತ್ತದೆ. ಕೊನೆಗೆ 2025ರ ಮೇ 24ರಿಂದ 31 ಅಂತ ನಿಂತಿತು.

ಜನವರಿಯಲ್ಲಿ ಮನೆ ಹುಡುಕಲು ಕೂತೆವು. ಮೊದಲು ಸಿಕ್ಕಿದ ಮನೆ 2,600 ಯೂರೋ, ಫೋಟೋಗಳಂತೂ ಕಣ್ಣು ಕುಕ್ಕುವಂತಿದ್ದವು. ಮಾಲೀಕರು ಅಂತ ಬರೆದವರು ಬುಕಿಂಗ್ ತಾಣದ ಹೊರಗೆ, ನೇರವಾಗಿ ಬೇರೊಂದು ದೇಶದ ಬ್ಯಾಂಕ್ ಖಾತೆಗೆ ಪೂರ್ತಿ ಹಣ ಹಾಕಿ ಅಂದರು. ಅದಕ್ಕಿಂತ ಮೊದಲೇ ಅನುಮಾನ ಹುಟ್ಟಿಸಿದ್ದು ಇನ್ನೊಂದು ವಿಷಯ. 2025ರ ಜನವರಿ 1ರಿಂದ ಇಟಲಿಯಲ್ಲಿ ಪ್ರವಾಸಿಗರಿಗೆ ಬಾಡಿಗೆಗೆ ಕೊಡುವ ಪ್ರತಿ ಮನೆಗೂ ‘ಚಿನ್’ ಅನ್ನುವ ರಾಷ್ಟ್ರೀಯ ಗುರುತಿನ ಸಂಖ್ಯೆ ಕಡ್ಡಾಯ. ಅದು ‘ಐಟಿ’ ಅಕ್ಷರಗಳಿಂದ ಶುರುವಾಗುತ್ತದೆ. ಜಾಹೀರಾತಿನಲ್ಲೂ ಇರಬೇಕು, ಮನೆಯ ಬಾಗಿಲ ಹತ್ತಿರವೂ ಹಾಕಿರಬೇಕು. ಆ ಅಗ್ಗದ ಮನೆಗೆ ಅದು ಇರಲಿಲ್ಲ. ಕೇಳಿದ್ದಕ್ಕೆ ಉತ್ತರವೂ ಬರಲಿಲ್ಲ. ಅಲ್ಲಿಗೆ ಕೈಬಿಟ್ಟೆವು. ಆಮೇಲೆ ಹಿಡಿದದ್ದು ಕಿಯಾಂತಿ ಸೀಮೆಯಲ್ಲಿ, ಫ್ಲಾರೆನ್ಸ್ ಮತ್ತು ಸಿಯೆನಾ ನಡುವೆ, ಕಾಸ್ತೆಲ್ಲಿನಾ ಕಡೆಯ ಒಂದು ಕಲ್ಲಿನ ಮನೆ.

ಎತ್ತುಗಳಿದ್ದ ಕೆಳಮನೆ

ಜಾಹೀರಾತಿನಲ್ಲಿ ‘14 ಜನರಿಗೆ’ ಅಂತಿತ್ತು. ಹೀಗೆ ಬರೆದಿದ್ದರೆ ಒಳಗಿನ ನಕ್ಷೆಯನ್ನು ಕೇಳಿ ತರಿಸಿಕೊಳ್ಳಬೇಕು. ನಾವು ತರಿಸಿದೆವು. ಆರು ಕೋಣೆ, ಹನ್ನೆರಡು ಹಾಸಿಗೆ. ಉಳಿದ ಇಬ್ಬರಿಗೆ ಕೆಳಗಿನ ಹಜಾರದಲ್ಲಿ ಒಂದು ಸೋಫಾ ಬೆಡ್. ಆ ಹಜಾರವೋ ಎಲ್ಲರೂ ಓಡಾಡುವ ದಾರಿ. ಕೋಣೆಗಳೂ ಒಂದೇ ತರಹ ಇಲ್ಲ. ಮೇಲೆ ನಾಲ್ಕು ಕೋಣೆ, ಎತ್ತರದ ಸೂರು, ದೊಡ್ಡ ಕಿಟಕಿ, ಎರಡಕ್ಕೆ ಅಟ್ಯಾಚ್ಡ್ ಬಾತ್‌ರೂಮ್. ಕೆಳಗೆ ಎರಡು ಕೋಣೆ, ಕಿಟಕಿ ಅಂದರೆ ಗೂಡು, ಹಗಲಲ್ಲೂ ದೀಪ ಬೇಕು.

ಯಾಕೆ ಹೀಗೆ ಅನ್ನುವುದಕ್ಕೆ ಕಾರಣ ಈ ಸೀಮೆಯ ಚರಿತ್ರೆಯಲ್ಲಿದೆ. ಟಸ್ಕನಿಯ ಇಂಥ ಬಹುಪಾಲು ಮನೆಗಳು ಶ್ರೀಮಂತರು ರಜೆಗೆ ಬರಲು ಕಟ್ಟಿಸಿದವಲ್ಲ. ಇವು ಗೇಣಿ ರೈತರ ಮನೆಗಳು. ಜಮೀನು, ಮನೆ ಧಣಿಯದು, ದುಡಿಮೆ ರೈತನ ಇಡೀ ಕುಟುಂಬದ್ದು, ಬೆಳೆ ಅರ್ಧರ್ಧ. ‘ಮೆಜಾದ್ರಿಯಾ’ ಅಂತ ಕರೆಯುವ ಈ ಪದ್ಧತಿ ನೂರಾರು ವರ್ಷ ನಡೆಯಿತು. ನಮ್ಮ ಕಡೆಯ ಹಿರಿಯರಿಗೆ ವಾರ, ಗೇಣಿ ಅಂದರೆ ಬೇರೆ ವಿವರಣೆ ಬೇಕಾಗಿಲ್ಲ. ಅತ್ತೆ ಇದನ್ನು ಕೇಳಿದ ಕೂಡಲೇ "ನಮ್ಮ ಊರಲ್ಲೂ ಇದೇ ತಾನೇ ಇದ್ದದ್ದು" ಅಂದರು. ಕೆಳಮನೆಯಲ್ಲಿ ಬಿಳಿ ಕಿಯಾನಿನಾ ಎತ್ತುಗಳು, ಮೇಲೆ ಜನ. ದನಗಳ ಮೈಶಾಖ ಚಳಿಗಾಲದಲ್ಲಿ ಮೇಲಿನವರಿಗೂ ಬೆಚ್ಚಗೆ. ಹತ್ತಿಳಿಯಲು ಹೊರಗಿನಿಂದ ಕಲ್ಲಿನ ಮೆಟ್ಟಿಲು. ಎರಡನೇ ಮಹಾಯುದ್ಧದ ನಂತರ ಜನ ನಗರದ ಕಾರ್ಖಾನೆಗಳಿಗೆ ಹೊರಟರು. 1964ರ ಕಾನೂನು ಹೊಸ ಅರೆಪಾಲು ಕರಾರುಗಳನ್ನೇ ನಿಲ್ಲಿಸಿತು. ಮನೆಗಳು ಪಾಳುಬಿದ್ದವು. ಆಮೇಲೆ ಇಂಗ್ಲಿಷರು, ಜರ್ಮನ್ನರು, ಇಟಲಿಯದೇ ನಗರದವರು ಅಗ್ಗಕ್ಕೆ ಕೊಂಡು ರಿಪೇರಿ ಮಾಡಿಸಿದರು. ಪಕ್ಕದಲ್ಲಿ ಈಜುಕೊಳ ಬಂತು, ಹಟ್ಟಿ ಬೆಡ್‌ರೂಮ್ ಆಯಿತು.

ಆದ್ದರಿಂದ ಇಂಥ ಮನೆಯಲ್ಲಿ ಸಮಾನ ಕೋಣೆ ನಿರೀಕ್ಷೆ ಮಾಡುವಂತೆಯೇ ಇಲ್ಲ. ಬಾಡಿಗೆಯನ್ನು ಸಮನಾಗಿ ಹಂಚಿದರೆ ಹಟ್ಟಿಯಲ್ಲಿ ಮಲಗುವವರಿಗೆ ಮೋಸ. ಗುಂಪಿನಲ್ಲಿ ಮೂರು ಸಲಹೆ ಬಂದವು. ತಲೆಗೆ ಇಷ್ಟು ಅಂತ ಹಾಕೋಣ ಅಂದವನು ತಮ್ಮ. ಅವನಿಗೆ ಒಂದೇ ತಲೆ. ಕುಟುಂಬಕ್ಕೆ ಇಷ್ಟು ಅಂದದ್ದು ನಮ್ಮವರು, ನಾವು ನಾಲ್ವರಲ್ಲವಾ! ಕೋಣೆಗೆ ಇಷ್ಟು ಅಂದವರು ಭಾವ. ಯಾರೂ ತಪ್ಪು ಹೇಳುತ್ತಿರಲಿಲ್ಲ, ಎಲ್ಲರೂ ತಮಗೆ ಕಮ್ಮಿ ಬೀಳುವುದನ್ನೇ ಹೇಳುತ್ತಿದ್ದರು ಅಷ್ಟೇ.

ನಾವು ಒಪ್ಪಿಕೊಂಡ ಸೂತ್ರ ಇದು. ಬಾಡಿಗೆಯ ಅರ್ಧ, ಅಂದರೆ 1,950 ಯೂರೋ, ತಲೆ ಲೆಕ್ಕಕ್ಕೆ. ಮಗುವನ್ನು ಬಿಟ್ಟು 13 ತಲೆ, ತಲಾ 150. ಈಜುಕೊಳ, ಅಡುಗೆಮನೆ, ಅಂಗಳ ಎಲ್ಲರೂ ಒಂದೇ ರೀತಿ ಬಳಸುತ್ತಾರೆ, ಅದಕ್ಕೆ ಈ ಅರ್ಧ. ಇನ್ನರ್ಧ ಕೋಣೆ ಲೆಕ್ಕಕ್ಕೆ. ಮೇಲಿನ ಎರಡು ದೊಡ್ಡ ಕೋಣೆ ತಲಾ 400, ಮೇಲಿನ ಇನ್ನೆರಡು ತಲಾ 300, ಕೆಳಗಿನದರಲ್ಲಿ ಬಾತ್‌ರೂಮ್ ಇದ್ದದ್ದು 250, ಇಲ್ಲದ್ದು 200, ಸೋಫಾ ಬೆಡ್ 100. ಕೂಡಿದರೆ 1,950. ಬೆಲೆ ಮೊದಲು ಕಟ್ಟಿದೆವು, ಕೋಣೆ ಆಮೇಲೆ ಆರಿಸಿದೆವು. ಈ ಕ್ರಮ ಮುಖ್ಯ. ಯಾರಿಗೆ ಯಾವುದು ಅಂತ ಗೊತ್ತಾದ ಮೇಲೆ ಬೆಲೆ ಕಟ್ಟಲು ಹೋದರೆ ಅದು ಚೌಕಾಸಿ ಆಗುತ್ತದೆ.

ಮೆಟ್ಟಿಲು ಹತ್ತಲಾಗದ ಅತ್ತೆಗೆ 250ರ ಕೋಣೆ, ಪಕ್ಕದ 200ರದ್ದು ಭಾವನಿಗೆ. ಮಗುವಿನ ತೊಟ್ಟಿಲು ಹಿಡಿಸಬೇಕು ಅಂತ ಮ್ಯೂನಿಕ್‌ನವರು ಒಂದು 400ರದ್ದು. ನಾವು ಎರಡು 300ರವು. ಹುಬ್ಬಳ್ಳಿಯ ದಂಪತಿ ಇನ್ನೊಂದು 400ರದ್ದು, ಅವರ ಮಗ ಮತ್ತು ತಮ್ಮ ಸೋಫಾ ಬೆಡ್ ಹಂಚಿಕೊಂಡು ತಲಾ 50. ಇಷ್ಟರವರೆಗೆ ಎಲ್ಲವೂ ಸುಸೂತ್ರ.

ಸಹಿ ಮತ್ತು ವೀಸಾ

ಕರಾರಿಗೆ ಸಹಿ ಹಾಕಿದವಳು ಮ್ಯೂನಿಕ್‌ನವಳು. ಅವಳಿಗೆ ಯೂರೋ ಖಾತೆ ಇದೆ, ಇಟಲಿಗೆ ಹಣ ಕಳಿಸುವುದು ಊರೊಳಗೆ ಕಳಿಸಿದಷ್ಟೇ ಸುಲಭ. ನಾವು ಇಲ್ಲಿಂದ ಕಳಿಸಬೇಕೆಂದರೆ ಪ್ಯಾನ್ ಕೊಟ್ಟು, ಬ್ಯಾಂಕಿನಲ್ಲಿ ಎ2 ಫಾರ್ಮ್ ತುಂಬಿ, ಕಾಯಬೇಕು. ಹಾಗಾಗಿ ಅವಳು ಮೊದಲು ಕಟ್ಟುವುದು, ನಾವು ಅವಳಿಗೆ ತೀರಿಸುವುದು ಅಂತಾಯಿತು.

ಅನುಕೂಲವೇನೋ ಸರಿ. ಆದರೆ ಮಾಲೀಕರ ಕಣ್ಣಿಗೆ ಬಾಡಿಗೆದಾರಳು ಅವಳೊಬ್ಬಳೇ. ಉಳಿದ 13 ಜನ ಕಾಗದದಲ್ಲಿ ಬರೀ ಅತಿಥಿಗಳು. ಕಿಟಕಿ ಒಡೆದರೆ ಅವಳು ಹೊಣೆ, ದುಡ್ಡು ತಡವಾದರೆ ಅವಳು ಹೊಣೆ. ನಮ್ಮ ನಮ್ಮೊಳಗಿನ ಮಾತು ಅವರಿಗೆ ಸಂಬಂಧವಿಲ್ಲ. ಗುಂಪು ಅನ್ನುವುದು ಆ ಕರಾರಿನಲ್ಲಿ ಇಲ್ಲವೇ ಇಲ್ಲ.

ಬುಕ್ ಮಾಡುವಾಗ 30%, ಅಂದರೆ 1,170 ಯೂರೋ ಕಟ್ಟಬೇಕಿತ್ತು. ಕರಾರಿನಲ್ಲಿ ಅದನ್ನು ‘ಕಪಾರ್ರಾ ಕನ್‌ಫರ್ಮತೋರಿಯಾ’ ಅಂತ ನಮೂದಿಸಿದ್ದರು. ಇಟಲಿಯ ಸಿವಿಲ್ ಕೋಡ್‌ನ 1385ನೇ ಕಲಂ ಇದರ ಬಗ್ಗೆ ಇದೆ. ಹಣ ಕೊಟ್ಟವರು ಮಾತು ತಪ್ಪಿದರೆ ಪಡೆದವರು ಅದನ್ನು ಇಟ್ಟುಕೊಳ್ಳಬಹುದು. ಪಡೆದವರು ಮಾತು ತಪ್ಪಿದರೆ ಎರಡರಷ್ಟು ವಾಪಸ್ ಕೊಡಬೇಕು. ಬರೀ ಮುಂಗಡ ಅಂತ ಕೊಟ್ಟಿದ್ದರೆ ಈ ಎರಡೂ ಅನ್ವಯಿಸುವುದಿಲ್ಲ. ನನ್ನ ಕಣ್ಣಿಗೆ ಇದು ನ್ಯಾಯವಾದ ಏರ್ಪಾಡು. ಸೀಸನ್ ಹೊತ್ತಿಗೆ ಜಾಸ್ತಿ ಕೊಡುವವರು ಸಿಕ್ಕರು ಅಂತ ಮಾಲೀಕರು ನಮ್ಮನ್ನು ಕೈಬಿಡುವಂತಿಲ್ಲವಲ್ಲ. ಉಳಿದ 2,730 ಯೂರೋ ಹೋಗುವುದಕ್ಕೆ 60 ದಿನ ಮೊದಲು, ಆಮೇಲೆ ಏನೇ ಆದರೂ ವಾಪಸ್ ಇಲ್ಲ.

ತೊಡಕು ಇಲ್ಲೇ ಇತ್ತು. ಯುರೋಪಿನ ಗುಂಪೊಂದು ಮನೆ ಹಿಡಿದರೆ ಅವರು ಬರುವುದು ಹೆಚ್ಚುಕಡಿಮೆ ಖಾತ್ರಿ. ನಮಗೆ ವೀಸಾ ಬೇಕು. ಷೆಂಗೆನ್ ವೀಸಾಕ್ಕೆ, ಅಂದರೆ ಇಟಲಿಯೂ ಸೇರಿ ಯುರೋಪಿನ ಹಲವು ದೇಶಗಳಿಗೆ ನಡೆಯುವ ಒಂದೇ ವೀಸಾಕ್ಕೆ, ಆರು ತಿಂಗಳಿಗಿಂತ ಮೊದಲು ಅರ್ಜಿ ಹಾಕುವ ಹಾಗಿಲ್ಲ. ಅರ್ಜಿ ಹಾಕಲು ಉಳಿಯುವ ಜಾಗದ ದಾಖಲೆ ಬೇಕು, ಕನಿಷ್ಠ 30,000 ಯೂರೋ ಮೊತ್ತದ ವಿಮೆ ಬೇಕು, ದೊಡ್ಡವರಿಗೆ 90 ಯೂರೋ ಶುಲ್ಕ ಬೇರೆ. ಮನೆ ಇಲ್ಲದೆ ವೀಸಾ ಇಲ್ಲ, ವೀಸಾ ಬರುವ ಮೊದಲೇ ಮನೆಗೆ ಪೂರ್ತಿ ದುಡ್ಡು. ಹೋಟೆಲ್ ಆದರೆ ಕೊನೇ ಗಳಿಗೆಯಲ್ಲಿ ರದ್ದು ಮಾಡುವ ಸೌಕರ್ಯ ಇರುತ್ತದೆ. ಹಳ್ಳಿಮನೆಯಲ್ಲಿ ಅದು ಅಪರೂಪ. ಕರಾರು ಅವಳ ಹೆಸರಿನಲ್ಲಿ ಇದ್ದದ್ದರಿಂದ ನಮ್ಮೆಲ್ಲರ ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ಮನೆಯ ಚಿನ್ ಸಂಖ್ಯೆ ಸೇರಿಸಿ ಮಾಲೀಕರಿಂದ ಒಂದು ಪತ್ರ ಬರೆಸಿಕೊಳ್ಳಬೇಕಾಯಿತು. ಅದನ್ನು ಅವರು ಕೂಡಲೇ ಕೊಟ್ಟರು.

ಮಾರ್ಚ್ 25ಕ್ಕೆ ಬಾಕಿ ಕಟ್ಟಿದ್ದಾಯಿತು. ಏಪ್ರಿಲ್ ಕೊನೆಯಲ್ಲಿ ಹುಬ್ಬಳ್ಳಿಯವರ ಮಗನ ವೀಸಾ ನಿರಾಕರಣೆ ಆಯಿತು. ಅಪ್ಪ ಅಮ್ಮನದು ಬಂದಿತ್ತು. ಆದರೆ ಮಗನನ್ನು ಬಿಟ್ಟು ಬರಲು ಅವರಿಗೆ ಮನಸ್ಸಾಗಲಿಲ್ಲ. ಬಲವಂತ ಮಾಡುವ ವಿಷಯವೂ ಅಲ್ಲ. ಅವರ ವಿಮೆಯಲ್ಲಿ ವೀಸಾ ನಿರಾಕರಣೆಗೆ ಪರಿಹಾರ ಇರಲಿಲ್ಲ. ಒಂದು ತಿಂಗಳೂ ಉಳಿದಿರಲಿಲ್ಲ, ಆ ದುಡ್ಡಿಗೆ ಬದಲಿ ಜನವೂ ಸಿಗಲಿಲ್ಲ.

ತಲೆಯೇ ಇಲ್ಲದ ತಲೆ ಲೆಕ್ಕ

ಅವರ ಪಾಲು ಒಟ್ಟು 900 ಯೂರೋ. ಮೂರು ತಲೆಗೆ 450, ಕೋಣೆ 400, ಸೋಫಾದ ಅರ್ಧ 50. ಗುಂಪಿನಲ್ಲಿ ಎರಡು ದಿನ ಯಾರೂ ಏನೂ ಬರೆಯಲಿಲ್ಲ. ಬಳಗದಲ್ಲಿ ಇದೇ ಅಪಾಯ. ಕೇಳುವುದಕ್ಕೆ ಸಂಕೋಚ, ಬಿಟ್ಟುಬಿಡುವುದಕ್ಕೆ ಮನಸ್ಸಿಲ್ಲ. ಮೌನ ಜಾಸ್ತಿಯಾದಷ್ಟೂ ಒಬ್ಬೊಬ್ಬರ ಮನಸ್ಸಿನಲ್ಲಿ ಒಂದೊಂದು ಲೆಕ್ಕ ಗಟ್ಟಿಯಾಗುತ್ತದೆ. ನಾನೇ ಫೋನ್ ಮಾಡಿದೆ.

ಹುಬ್ಬಳ್ಳಿಯ ಗೆಳೆಯರು ಕೋಣೆಯ ದುಡ್ಡಿಗೆ ಚಕಾರ ಎತ್ತಲಿಲ್ಲ. "ಖೋಲಿ ನಮ್ಮ ಹೆಸರಿಗೆ ಹಿಡದೇವಿ, ಅದರ ರೊಕ್ಕ ನಾವು ಕೊಡೂದ ಸೈರಿ" ಅಂದರು. ಆಮೇಲೆ ಕೇಳಿದರು: "ಆದ್ರ ತಲಿನ ಇಲ್ಲ, ತಲಿ ಲೆಕ್ಕ ಎಲ್ಲಿಂದ ಬಂತ್ರೀ?"

ಅವರ ವಾದದಲ್ಲಿ ಹುರುಳಿತ್ತು. ತಲೆ ಲೆಕ್ಕದ ಅರ್ಧವನ್ನು ನಾವು ಹಾಕಿದ್ದೇ ಈಜುಕೊಳ, ಅಂಗಳದ ಬಳಕೆಗೆ ಅಂತ. ಬಳಸದವರು ಯಾಕೆ ಕೊಡಬೇಕು? ಭಾವನ ಮಾತಿನಲ್ಲೂ ಹುರುಳಿತ್ತು. ಮೂರು ಜನ ಬರಲಿಲ್ಲ ಅಂತ ಮಾಲೀಕರು ಒಂದು ಯೂರೋ ಕೂಡ ಇಳಿಸಿಲ್ಲ. 14 ಜನ ಅಂತಲೇ ಇಷ್ಟು ದೊಡ್ಡ ಮನೆ ಹಿಡಿದದ್ದು. 11 ಜನ ಅಂತ ಮೊದಲೇ ಗೊತ್ತಿದ್ದರೆ ಐದು ಕೋಣೆಯ ಚಿಕ್ಕ ಮನೆ ನೋಡುತ್ತಿದ್ದೆವು. ಹಾಗೆ ನೋಡಿದರೆ ಬರದವರಿಂದ ಉಳಿದವರಿಗೆ ನಷ್ಟವೇ ಆಗಿದೆ.

ಇದನ್ನು ಮುಗಿಸಿದ ರೀತಿ ಹೀಗೆ. ಕೋಣೆ ಮತ್ತು ಸೋಫಾದ 450 ಹುಬ್ಬಳ್ಳಿಯವರದ್ದೇ. ಆದರೆ ಖಾಲಿ ಬಿದ್ದ 400ರ ಕೋಣೆಗೆ ಸೋಫಾದಿಂದ ತಮ್ಮ ಹೋಗುತ್ತಾನೆ, ಅದಕ್ಕೆ ಅವನು 150 ಜಾಸ್ತಿ ಕೊಡುತ್ತಾನೆ, ಆ 150 ಹುಬ್ಬಳ್ಳಿಗೆ ಹೋಗುತ್ತದೆ. ತಲೆ ಲೆಕ್ಕದ 450ರಲ್ಲಿ ಅವರು ಅರ್ಧ ಹೊರುತ್ತಾರೆ, 225. ಉಳಿದ 225 ಬಂದ ಹತ್ತು ತಲೆಗಳ ಮೇಲೆ, ತಲಾ 22.50. ಊಟ, ಗಾಡಿ, ಪ್ರವಾಸಿ ತೆರಿಗೆಯಲ್ಲಿ ಅವರ ಪಾಲು ಸೊನ್ನೆ. ಒಟ್ಟು ಅವರಿಗೆ ಬಿದ್ದದ್ದು 525 ಯೂರೋ.

ತಮ್ಮ ಮೊದಲು ಗೊಣಗಿದ. ಖಾಲಿ ಇರುವ ಕೋಣೆಗೆ ನಾನು ಯಾಕೆ ದುಡ್ಡು ಕೊಡಲಿ ಅಂತ. ಸೋಫಾದಲ್ಲೇ ಇರು ಹಾಗಾದರೆ ಅಂದಳು ಅವನ ಅಕ್ಕ. ಒಪ್ಪಿಕೊಂಡ.

ಇದು ಕಾನೂನಿನ ಉತ್ತರ ಅಲ್ಲ, ಗಣಿತದ ಉತ್ತರವೂ ಅಲ್ಲ. ಆದರೂ ಸರಿಯಾದದ್ದೇ ಅಂತ ನನ್ನ ಅಭಿಪ್ರಾಯ. ತಮಗೋಸ್ಕರ ಮೀಸಲಿಟ್ಟ ಕೋಣೆಯ ಹೊಣೆ ಅವರು ಹೊತ್ತರು, ಬಳಸದ ಸೌಕರ್ಯದ ಹೊಣೆ ಹಂಚಿಕೆಯಾಯಿತು. ಕೊರತೆ ಇದ್ದದ್ದು ಸೂತ್ರದಲ್ಲಲ್ಲ, ಹೊತ್ತಿನಲ್ಲಿ. ‘ವೀಸಾ ಬಾರದಿದ್ದರೆ ಕೋಣೆಯ ಪಾಲು ಅವರದು, ತಲೆಯ ಪಾಲು ಅರ್ಧ’ ಅನ್ನುವ ಒಂದು ಸಾಲನ್ನು ಜನವರಿಯಲ್ಲೇ ಬರೆದಿಟ್ಟಿದ್ದರೆ ಏಪ್ರಿಲ್‌ನಲ್ಲಿ ಐದು ನಿಮಿಷದ ಕೆಲಸ. ಯಾರಿಗೆ ಅನ್ವಯಿಸುತ್ತದೆ ಅಂತ ಗೊತ್ತಿಲ್ಲದಾಗ ನಿಯಮ ಮಾಡುವುದು ಸುಲಭ. ಗೊತ್ತಾದ ಮೇಲೆ ಅದು ಒಬ್ಬರ ವಿರುದ್ಧದ ಮಾತಾಗಿಬಿಡುತ್ತದೆ.

ಇನ್ನೊಂದು ದಾರಿಯೂ ಇತ್ತು. ವೀಸಾ ಬೇಕಾದ ಗುಂಪುಗಳಿಗೆ ನಾನು ಅದನ್ನೇ ಹೇಳುತ್ತೇನೆ. ಅಗ್ರಿತುರಿಸ್ಮೋ, ಅಂದರೆ ಬೇಸಾಯ ನಡೆಯುತ್ತಿರುವ ತೋಟದಲ್ಲೇ ಅತಿಥಿಗಳನ್ನು ಇಟ್ಟುಕೊಳ್ಳುವ ಏರ್ಪಾಡು. 1985ರ ಕಾನೂನು ಇದಕ್ಕೆ ಚೌಕಟ್ಟು ಹಾಕಿತು, 2006ರಲ್ಲಿ ಹೊಸ ಕಾನೂನು ಬಂತು. ಅಲ್ಲಿ ಬೇಸಾಯವೇ ಮುಖ್ಯ ಕಸುಬಾಗಿರಬೇಕು, ಅತಿಥಿಗಳು ಎರಡನೆಯದು. ಇಂಥ ಎಷ್ಟೋ ಕಡೆ ಹಳೇ ಮನೆಯನ್ನು ನಾಲ್ಕೈದು ಬಿಡಿ ಮನೆಗಳಾಗಿ ಮಾಡಿರುತ್ತಾರೆ. ಪ್ರತಿಯೊಂದಕ್ಕೂ ಪುಟ್ಟ ಅಡುಗೆಮನೆ, ಈಜುಕೊಳ ಅಂಗಳ ಎಲ್ಲರಿಗೂ ಸೇರಿದ್ದು. ಒಂದೊಂದು ಕುಟುಂಬ ಒಂದೊಂದು ಕರಾರು ಮಾಡಿಕೊಳ್ಳಬಹುದು. ಒಬ್ಬರು ಬಾರದಿದ್ದರೆ ಅವರ ಕರಾರು ಅವರದು, ಉಳಿದವರ ಸಂಬಂಧ ಅದರಲ್ಲಿ ಸಿಕ್ಕಿಕೊಳ್ಳುವುದಿಲ್ಲ. ಕಳೆದುಕೊಳ್ಳುವುದು ಒಂದೇ ಉದ್ದನೆಯ ಮೇಜು, ಒಂದೇ ಅಡುಗೆಮನೆ. ಮ್ಯೂನಿಕ್‌ನವಳಿಗೆ ಬೇಕಿದ್ದದ್ದು ಅದೇ ಆದ್ದರಿಂದ ನಾವು ಆ ಕಡೆ ಹೋಗಲಿಲ್ಲ.

ಆ ವಾರ

ರೋಮ್‌ನ ವಿಮಾನ ನಿಲ್ದಾಣದಿಂದ ಅಲ್ಲಿಗೆ ಮೂರು ತಾಸಿಗೂ ಜಾಸ್ತಿ ಹಾದಿ. ಒಂಬತ್ತು ಸೀಟಿನ ವ್ಯಾನ್ ಹಿಡಿದಿದ್ದೆವು. ಡ್ರೈವರ್ ಸೇರಿ ಒಂಬತ್ತು ಸೀಟಿನವರೆಗೆ ಸಾಮಾನ್ಯ ಕಾರ್ ಲೈಸೆನ್ಸ್ ಸಾಕು. ಅದರ ಜೊತೆಗೆ ಇಲ್ಲಿನ ಆರ್‌ಟಿಓ ಕೊಡುವ ಅಂತಾರಾಷ್ಟ್ರೀಯ ಪರ್ಮಿಟ್ ಬೇಕೇ ಬೇಕು. ಭಾವ ಮತ್ತು ನಮ್ಮವರು ಇಬ್ಬರೂ ಮಾಡಿಸಿದ್ದರು. ಕೊನೆಯ ಎರಡು ಕಿಲೋಮೀಟರ್ ಡಾಂಬರಿಲ್ಲದ ಬಿಳಿ ಜಲ್ಲಿ ರಸ್ತೆ. ಟಸ್ಕನಿಯ ಚಿತ್ರಗಳಲ್ಲಿ ಸೈಪ್ರೆಸ್ ಮರಗಳ ನಡುವೆ ಕಾಣುತ್ತದಲ್ಲ, ಅದೇ. ಚಿತ್ರದಲ್ಲಿ ಧೂಳು ಕಾಣುವುದಿಲ್ಲ.

ಮಾಲೀಕರು ಬಂದ ಕೂಡಲೇ ಎಲ್ಲರ ಪಾಸ್‌ಪೋರ್ಟ್ ಕೇಳಿದರು. ಅತ್ತೆಗೆ ಗಾಬರಿ. ಇದು ಅವರ ಶೋಕಿ ಅಲ್ಲ, 1931ರ ಪೊಲೀಸ್ ಕಾನೂನಿನ 109ನೇ ಕಲಂ. ಯಾರನ್ನೇ ಇರಿಸಿಕೊಂಡರೂ 24 ಗಂಟೆಯೊಳಗೆ ಅವರ ವಿವರ ಪೊಲೀಸರಿಗೆ ಹೋಗಬೇಕು. ವಿವರ ಬರೆದುಕೊಂಡು ಪಾಸ್‌ಪೋರ್ಟ್ ಅಲ್ಲೇ ವಾಪಸ್ ಕೊಟ್ಟರು. ಪ್ರವಾಸಿ ತೆರಿಗೆ ನಗದು, 800 ಯೂರೋ ಠೇವಣಿಯೂ ನಗದು. ಇವೆರಡೂ ಬಾಡಿಗೆಯ ಹೊರಗೆ. ರಾತ್ರಿ ಗಾಳಿಗೆ ಅಂಗಳದ ದೊಡ್ಡ ಕೊಡೆ ಮುರಿದದ್ದಕ್ಕೆ ಕೊನೆಯಲ್ಲಿ 120 ಮುರಿದುಕೊಂಡರು. ತೆರೆದೇ ಬಿಟ್ಟವರು ಯಾರು ಅಂತ ವಿಚಾರಣೆ ನಡೆಸದೆ ಎಲ್ಲರಿಗೂ ಹಂಚಿದೆ.

ಚಳಿ ನಾವು ಅಂದುಕೊಂಡದ್ದಕ್ಕಿಂತ ಜಾಸ್ತಿ. ಹಗಲು ಬಿಸಿಲು, ರಾತ್ರಿ ಕಲ್ಲಿನ ಗೋಡೆ ತಣ್ಣಗೆ. ಹೀಟಿಂಗ್ ಹಾಕಿ ಅಂದರೆ ಮಾಲೀಕರು ಆಗುವುದಿಲ್ಲ ಅಂತ ತಲೆ ಆಡಿಸಿದರು. ಮನೆ ಯಾವಾಗ ಬಿಸಿ ಮಾಡಬಹುದು ಅನ್ನುವುದಕ್ಕೂ ಇಟಲಿಯಲ್ಲಿ ನಿಯಮವಿದೆ. 1993ರಿಂದ ದೇಶವನ್ನು ಆರು ಹವಾಮಾನ ವಲಯಗಳಾಗಿ ಹಂಚಿದ್ದಾರೆ, ಈ ಸೀಮೆಯಲ್ಲಿ ಕಾಲ ಏಪ್ರಿಲ್ 15ಕ್ಕೇ ಮುಗಿಯುತ್ತದೆ. ಸೌದೆ ಒಲೆ ಇತ್ತು, ಅತ್ತೆ ಅದರ ಮುಂದೆಯೇ ಕೂತರು. ಈಜುಕೊಳದ ನೀರಿಗೆ ಹೀಟರ್ ಇರಲಿಲ್ಲ. ಮಕ್ಕಳು ಕಿರುಚಿಕೊಂಡು ಇಳಿದರು, ದೊಡ್ಡವರು ಕಾಲು ಅದ್ದಿ ಎದ್ದರು. ಮೇ ತಿಂಗಳಲ್ಲಿ ಈಜುಕೊಳಕ್ಕೆ ಅಂತ ಜಾಸ್ತಿ ಕೊಡುವುದು ಸುಮ್ನೆ ದಂಡ.

ಮೊದಲ ರಾತ್ರಿಯೇ ಕರೆಂಟು ಹೋಯಿತು. ಓವನ್ ಉರಿಯುತ್ತಿತ್ತು, ವಾಷಿಂಗ್ ಮೆಷಿನ್ ತಿರುಗುತ್ತಿತ್ತು, ಮೇಲೆ ಯಾರೋ ಹೇರ್ ಡ್ರೈಯರ್ ಹಾಕಿದರು. ಮೆಸ್ಕಾಂ, ಬೆಸ್ಕಾಂ ರೂಢಿಯಲ್ಲಿ ನಾವು ಇಡೀ ಊರಿಗೇ ಕರೆಂಟು ಹೋಗಿರಬೇಕು ಅಂತ ಕಾದೆವು. ಮ್ಯೂನಿಕ್‌ನ ಅಳಿಯ ನಕ್ಕ. ಇಟಲಿಯ ಸಾಮಾನ್ಯ ಮನೆಗೆ ಕರಾರಿನ ಪ್ರಕಾರ 3 ಕಿಲೋವ್ಯಾಟ್ ಮಾತ್ರ ಇರುತ್ತದೆ, ದಾಟಿ ಬಳಸುತ್ತಲೇ ಇದ್ದರೆ ಮೀಟರ್ ತಾನೇ ಕಡಿದುಬಿಡುತ್ತದೆ. ಈ ಮನೆಗೆ ಸ್ವಲ್ಪ ಜಾಸ್ತಿ ಇದ್ದರೂ ಈಜುಕೊಳದ ಪಂಪು ಅದರಲ್ಲೇ ನಡೆಯಬೇಕು. ಮೀಟರ್ ಇದ್ದದ್ದು ಗೇಟಿನ ಕಂಬದಲ್ಲಿ, ಕತ್ತಲಲ್ಲಿ ಜಲ್ಲಿ ರಸ್ತೆ ಇಳಿದು ಹೋಗಿ ಸ್ವಿಚ್ ಎತ್ತಬೇಕು. ಒಂದು ಸಲ ಹೋಗಿಬಂದ ಮೇಲೆ ತಮ್ಮ ಫ್ರಿಜ್ ಮೇಲೆ ಚೀಟಿ ಅಂಟಿಸಿದ: ಓವನ್ ಇದ್ದಾಗ ಮೆಷಿನ್ ಬೇಡ.

ಅಡುಗೆಮನೆಯ ಬಗ್ಗೆ ಇನ್ನಷ್ಟು ಹೇಳಬೇಕು. ಹೋಟೆಲ್ ಬಿಟ್ಟು ಮನೆ ಹಿಡಿಯುವ ಲಾಭವೂ ಅಲ್ಲೇ, ಜಗಳವೂ ಅಲ್ಲೇ. ಕುಕ್ಕರ್, ಸಾರಿನ ಪುಡಿ, ಉಪ್ಪಿನಕಾಯಿ ತೆಗೆದುಕೊಂಡು ಹೋಗಿದ್ದೆವು. ತುಪ್ಪ ಒಯ್ಯುವಂತಿಲ್ಲ, ಹೊರದೇಶಗಳಿಂದ ಬರುವವರು ಹಾಲಿನ ಪದಾರ್ಥ ತರುವುದನ್ನು ಯುರೋಪಿಯನ್ ಒಕ್ಕೂಟ ನಿಷೇಧಿಸಿದೆ. ಹಸಿ ಕರಿಬೇವಿಗೂ ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು. ತೆಂಗಿನಕಾಯಿ ಮತ್ತು ಬಾಳೆಹಣ್ಣಿಗೆ ಮಾತ್ರ ವಿನಾಯಿತಿ ಇದೆ! ಅನಾನಸ್, ಖರ್ಜೂರ, ಡೂರಿಯನ್ ಜೊತೆಗೆ. ಅತ್ತೆ ಎರಡು ಕಾಯಿ ಚೀಲಕ್ಕೆ ಹಾಕಿಕೊಂಡೇ ಬಂದರು. ಅಲ್ಲಿನ ರಿಸೊಟ್ಟೊ ಅಕ್ಕಿ ಅನ್ನಕ್ಕೆ ಅಂಟು ಅಂಟು, ಆದರೆ ಮೊಸರನ್ನಕ್ಕೆ ಹೇಳಿ ಮಾಡಿಸಿದ ಹಾಗಿತ್ತು. ಹೊರಗಿನ ಊಟದಲ್ಲಿ ಅತ್ತೆಗೆ ಒಗ್ಗಿದ್ದು ಪೀಚಿ, ಕೈಯಲ್ಲಿ ಹೊಸೆದ ದಪ್ಪ ಶಾವಿಗೆಯಂಥದ್ದು, ಬೆಳ್ಳುಳ್ಳಿ ಟೊಮೇಟೊ ಗೊಜ್ಜಿನ ಜೊತೆ. ಸಾಮಾನ್ಯವಾಗಿ ಅದಕ್ಕೆ ಮೊಟ್ಟೆ ಹಾಕುವುದಿಲ್ಲ, ಆದರೂ ಪ್ರತಿ ಸಲ ಕೇಳಿಯೇ ತರಿಸಿದೆವು. ಪಾರ್ಮೆಸಾನ್ ಚೀಸ್ ಉದುರಿಸಬೇಡಿ ಅನ್ನಬೇಕಿತ್ತು, ಅದನ್ನು ಕರುವಿನ ಹೊಟ್ಟೆಯ ಹೆಪ್ಪಿನಿಂದ ಮಾಡುತ್ತಾರೆ. ಬ್ರೆಡ್ಡಿಗೆ ಉಪ್ಪೇ ಇಲ್ಲ. ಟಸ್ಕನಿಯ ಬ್ರೆಡ್ಡೇ ಹಾಗೆ. ಉಪ್ಪಿನಕಾಯಿ ಜೊತೆ ಚೆನ್ನಾಗಿ ಹೋಯಿತು.

ಆದರೆ ಮೂರನೇ ದಿನ ಭಾವನ ಹೆಂಡತಿ ಸಿಂಕಿನ ಮುಂದೆ ನಿಂತು ಕೇಳಿದರು, "ರಜೆ ಯಾರಿಗೆ?" ಅಂತ. ಅಲ್ಲಿಯವರೆಗೆ ಅಡುಗೆ, ಪಾತ್ರೆ, ಐದು ಬಗೆಯ ಕಸ ಬೇರೆ ಮಾಡುವುದು ಎಲ್ಲ ನಾವು ಮೂವರು ಹೆಂಗಸರ ಮೇಲೆ ಬಿದ್ದಿತ್ತು. ಗಂಡಸರು ಸೌದೆ ಉರಿಸುವುದನ್ನು ಕೆಲಸ ಅಂದುಕೊಂಡಿದ್ದರು. ಬಾಡಿಗೆಯನ್ನು ಅಷ್ಟು ಬಿಡಿಸಿ ಲೆಕ್ಕ ಹಾಕಿದವರು ಕೆಲಸವನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಅಂದಿನಿಂದ ಬೆಳಗಿನ ತಿಂಡಿ ಗಂಡಸರದ್ದು, ಅಡುಗೆ ಮಾಡಿದವರು ಪಾತ್ರೆ ಮುಟ್ಟುವಂತಿಲ್ಲ, ಎರಡು ರಾತ್ರಿ ಹೊರಗೆ ಊಟ. ನಮ್ಮವರು ಅಲ್ಲಿನ ರವೆಯಲ್ಲಿ ಮಾಡಿದ ಉಪ್ಪಿಟ್ಟು ಗಂಟುಕಟ್ಟಿತ್ತು. ಯಾರೂ ಏನೂ ಅನ್ನಲಿಲ್ಲ.

ಇನ್ನು ಗಾಡಿ. ಇಟಲಿಯ ಹಳೇ ಊರುಗಳ ಒಳಗೆ ‘ಜೆಡ್‌ಟಿಎಲ್’ ಅನ್ನುವ, ಗಾಡಿ ಓಡಾಟಕ್ಕೆ ಮಿತಿ ಇರುವ ವಲಯ ಇರುತ್ತದೆ. ಪರವಾನಗಿ ಇಲ್ಲದ ಗಾಡಿ ಒಳಗೆ ಹೋದರೆ ಕ್ಯಾಮೆರಾ ಚಿತ್ರ ತೆಗೆಯುತ್ತದೆ. ತಡೆಗಂಬ ಇಲ್ಲ, ಪೊಲೀಸ್ ಇಲ್ಲ, ಬರೀ ಒಂದು ಬೋರ್ಡು. ಸಿಯೆನಾದಲ್ಲಿ ಊರ ಹೊರಗೆ ಗಾಡಿ ನಿಲ್ಲಿಸಿ ಎಸ್ಕಲೇಟರ್ ಹತ್ತಿ ಮೇಲೆ ಹೋಗುವ ವ್ಯವಸ್ಥೆ ಇದೆ. ಹೋಗುವಾಗ ಹಾಗೇ ಹೋದೆವು. ವಾಪಸ್ ಬರುವಾಗ ಫೋನಿನ ಮ್ಯಾಪ್ ಹೇಳಿದ ತಿರುವಿಗೆ ಭಾವ ತಿರುಗಿಸಿದರು. ಯಾರಿಗೂ ಏನೂ ಗೊತ್ತಾಗಲಿಲ್ಲ. ಜುಲೈನಲ್ಲಿ ಬಾಡಿಗೆ ಕಂಪನಿ ಅವರ ಕಾರ್ಡಿನಿಂದ 50 ಯೂರೋ ಎಳೆದುಕೊಂಡಿತು. ಅದು ದಂಡವಲ್ಲ, ನಮ್ಮ ವಿಳಾಸವನ್ನು ಪೊಲೀಸರಿಗೆ ಕೊಟ್ಟದ್ದಕ್ಕೆ ಅವರ ಕೂಲಿ. ದಂಡದ ಪತ್ರ ಮೈಸೂರಿಗೆ ಬಂದದ್ದು ಡಿಸೆಂಬರ್‌ನಲ್ಲಿ. ಹೊರದೇಶದವರಿಗೆ 360 ದಿನದೊಳಗೆ ತಲುಪಿಸಿದರೆ ಸಾಕು ಅಂತ ಕಾನೂನಿದೆ. ಐದು ದಿನದೊಳಗೆ ಕಟ್ಟಿದರೆ 30% ರಿಯಾಯಿತಿ. ಭಾವ ನಾಲ್ಕನೇ ದಿನ ಕಟ್ಟಿದರು.

ಇದನ್ನು ಯಾರು ಕೊಡಬೇಕು ಅಂತ ಮತ್ತೆ ಪ್ರಶ್ನೆ. ಓಡಿಸಿದವರ ತಪ್ಪು ಅನ್ನಬಹುದು. ಆದರೆ ಹಾಗಂದರೆ ಮುಂದಿನ ಸಲ ಸ್ಟೀರಿಂಗ್ ಹಿಡಿಯಲು ಯಾರೂ ಮುಂದೆ ಬರುವುದಿಲ್ಲ. ಗಾಡಿಯಲ್ಲಿ ಇದ್ದವರೆಲ್ಲ ಹಂಚಿಕೊಳ್ಳಬೇಕು ಅಂತ ತೀರ್ಮಾನಿಸಿದೆವು. ಅವತ್ತು ಅತ್ತೆ ಮನೆಯಲ್ಲೇ ಇದ್ದರು, ಮಕ್ಕಳು ಮ್ಯೂನಿಕ್‌ನವರ ಕಾರಿನಲ್ಲಿದ್ದರು. ಉಳಿದದ್ದು ಐವರು, ಐದು ಪಾಲು ಮಾಡಿದೆವು. ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದೆ, ನನ್ನದೇನು ಪಾತ್ರ ಅಂತ ತಮ್ಮ ವಾದ ಹೂಡಿದ. ನಡೆಯಲಿಲ್ಲ.